ಸಿಂದಗಿ ದಾಟಿದ ನಿದ್ದೆ

ನನ್ನ ಮೊದಲ ಮಗ ಹುಟ್ಟಿದ್ದು ತವರೂರು ಆಲಮೇಲದಲ್ಲಿ, ತೊಂಬತ್ತರ ದಶಕದ ಕೊನೆಯ ಒಂದು ಚಳಿಗಾಲ. ಕೂಸು ಬಲು ಶಾಣ್ಯಾ. ಹೊಟ್ಟೆ ತುಂಬಿತೆಂದರೆ ಮಲಗಿಬಿಡುತ್ತಿತ್ತು. ನಿದ್ದೆ ಬಾರದೆ ಒದ್ದಾಡುತ್ತಿದ್ದವಳು ನಾನು.

ಇದನ್ನು ಹೇಳಿದರೆ ಜನ ನಂಬುತ್ತಿರಲಿಲ್ಲ. ಕೂಸು ಮಲಗಗೊಡುವುದಿಲ್ಲ ಎಂದು ಗೋಳಾಡುವ ಬಾಣಂತಿಯರನ್ನು ಎಲ್ಲರೂ ಕಂಡಿದ್ದರು. ಕೂಸು ಮಲಗಿದ್ದಾಗಲೂ ಪಕ್ಕದಲ್ಲಿ ಜಂತಿ ನೋಡುತ್ತ ಬಿದ್ದಿರುವವಳನ್ನು ಕಂಡಿರಲಿಲ್ಲ. ರೆಪ್ಪೆ ಮುಚ್ಚಿದರೆ ಸಾಕು, ಎದೆ ಧಸಕ್ಕೆನ್ನುತ್ತಿತ್ತು. ಎದ್ದು ಮಗನ ಮೂಗಿನ ಹತ್ತಿರ ಬೆರಳು ಹಿಡಿಯುತ್ತಿದ್ದೆ. ಬೆಚ್ಚಗಿನ ಉಸಿರು ತಾಗುತ್ತಿತ್ತು. ಮತ್ತೆ ಮಲಗಿದರೆ ಮತ್ತೆ ಅದೇ. ಹಗಲೂ ಹಾಗೆಯೇ. ಬರಬರುತ್ತ ತಲೆ ಮಂಕಾಯಿತು. ಬಾಯಲ್ಲಿಟ್ಟ ತುತ್ತನ್ನು ನುಂಗುವುದು ಮರೆಯುತ್ತಿತ್ತು. ಒಂದು ದಿನ ಕೂಸಿಗೆ ಎರೆದಾದ ಮೇಲೆ ಅದರ ಕುಂಚಿಗೆಯನ್ನು ನನ್ನ ತಲೆಗೇ ಕಟ್ಟಿಕೊಳ್ಳಲು ಹೆಣಗುತ್ತಿದ್ದೆನಂತೆ. ಅವ್ವ ನೋಡಿ ಮೊದಲು ನಕ್ಕಳು, ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಗಸಗಸೆ ಅರೆದು ಹಾಕಿದ ಹಾಲು ಕುಡಿಸಿದ್ದಾಯಿತು. ಅಂಗಾಲಿಗೆ ಎಣ್ಣೆ ತಿಕ್ಕಿದ್ದಾಯಿತು. ಅಂಗಾಲು ಮೆತ್ತಗಾದವು, ಅಷ್ಟೆ. ದೃಷ್ಟಿಯನ್ನೂ ತೆಗೆದರು. ಅಪ್ಪ ಪಡಸಾಲೆಯಲ್ಲಿ ಕೂತು, ಬಂದವರಿಗೆಲ್ಲ "ಸಾವಕಾಶ ಮಾತಾಡ್ರಿ, ಮಗಳು ಮಲಗ್ಯಾಳ" ಎಂದು ಓಣಿಗೆಲ್ಲ ಕೇಳುವಂತೆ ಹೇಳುತ್ತಿದ್ದ.

ಮೂರು ತಿಂಗಳು ತುಂಬಿದ ಮೇಲೆ ಅವ್ವ, "ಸಿಂದಗ್ಯಾಗ ಲೇಡಿ ಡಾಕ್ಟರ್ ಅದಾರ, ತೋರಿಸ್ಕೊಂಡು ಬರೂನು" ಎಂದಳು. ಬೆಳಿಗ್ಗೆ ಬಿಜಾಪುರದ ಬಸ್ಸು ಹತ್ತಿದೆವು. ಅದು ಸಿಂದಗಿಯ ಮೇಲೆಯೇ ಹೋಗುತ್ತಿತ್ತು. ನನಗೆ ಕಿಟಕಿಯ ಸೀಟು. ಕೂಸು ಅವ್ವನ ತೊಡೆಯ ಮೇಲೆ. ಮುಂದೆ ಕಬ್ಬು ಹೇರಿದ ಟ್ರ್ಯಾಕ್ಟರು, ಅದರ ಹಿಂದೆ ತೂಗಾಡುತ್ತ ನಮ್ಮ ಬಸ್ಸು. ನನಗೆ ನೆನಪಿರುವುದು ಅಷ್ಟೇ. ಮುಂದಿನದನ್ನೆಲ್ಲ ಅವ್ವ ಹೇಳಿದ್ದು.

ಸಿಂದಗಿ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಬಂದು, "ಯವ್ವಾ, ನಿಮ್ಮ ಸಿಂದಗಿ ಬಂತು, ಇಳೀರಿ" ಎಂದ. ಅವ್ವ ನನ್ನ ಮುಖ ನೋಡಿದಳು. ಬಾಯಿ ತೆರೆದು, ಕಿಟಕಿಯ ಸರಳಿಗೆ ಜೊಲ್ಲು ಸುರಿಸುತ್ತ ಮಲಗಿದ್ದೆ.

"ನಿದ್ದಿ ಬರವಲ್ದು ಅಂತ ಡಾಕ್ಟರ ಕಡೆ ಹೊಂಟಿದ್ವಿ ತಮ್ಮಾ. ಈಗ ನಿದ್ದಿ ಬಂದೈತಿ. ಎಬ್ಬಿಸ್ಕೊಂಡು ಹೋಗಿ ಏನು ತೋರಿಸ್ಲಿ?"

"ಹಂಗಂದ್ರ ಹೆಂಗ್ರಿ? ಮುಂದ ಬಿಜಾಪುರ ಬರ್ತೈತಿ."

"ಬರ್ಲಿ. ಎರಡು ಟಿಕೀಟು ಹರಿ."

ಅಪ್ಪ ಜೊತೆಗಿಲ್ಲದೆ ಸಿಂದಗಿಯ ಆಚೆ ಕಾಲಿಟ್ಟವಳಲ್ಲ ನಮ್ಮವ್ವ. ಆ ದಿನ ಅದ್ಯಾವುದೂ ಅವಳಿಗೆ ನೆನಪಾಗಲಿಲ್ಲ. ಮಗಳ ಮನೆಗೆ ಹೊರಟಿದ್ದ ಒಬ್ಬ ಮುಸಲ್ಮಾನ ಅಜ್ಜಿ ಪಕ್ಕದ ಸೀಟಿನಿಂದ ಕೈ ಚಾಚಿ, "ಇತ್ತ ಕೊಡವಾ, ನಿನ್ನ ಕೈ ಸೋತಿರ್ತಾವ" ಎಂದು ಕೂಸನ್ನು ಎತ್ತಿಕೊಂಡಳು. ಹಿಂದೆ ತೊಗರಿಯ ಧಾರಣೆಯ ಬಗ್ಗೆ ಜಗಳವಾಡುತ್ತಿದ್ದ ಇಬ್ಬರನ್ನು ಆ ಅಜ್ಜಿಯೇ ಗದರಿ ಸುಮ್ಮನಾಗಿಸಿದಳು. ಕಂಡಕ್ಟರ್ ಡ್ರೈವರನ ಹತ್ತಿರ ಹೋಗಿ, "ಹಾರ್ನ್ ಸಣ್ಣಂಗ ಹೊಡಿ, ಬಾಣಂತಿ ಮಲಗ್ಯಾಳ" ಎಂದ.

"ಹಾರ್ನಿನಾಗ ಸಣ್ಣದು ದೊಡ್ಡದು ಇರ್ತಾವೇನಲೇ?" ಎಂದ ಡ್ರೈವರ್. ಆದರೂ ದೇವರ ಹಿಪ್ಪರಗಿಯಲ್ಲಿ ಅಡ್ಡ ಬಂದ ಕುರಿಗಳನ್ನು ಕಿಟಕಿಯಿಂದ ಕೈ ಬೀಸಿಯೇ ಓಡಿಸಿದನಂತೆ.

ಎದೆಯ ಹಾಲು ಸೋರಿ ಕುಪ್ಪಸ ತೊಯ್ದಾಗ ನನಗೆ ಎಚ್ಚರವಾಯಿತು. ಕಣ್ಣು ಬಿಟ್ಟರೆ ಎದುರಿಗೆ ಗೋಳಗುಮ್ಮಟ. ಸಿಂದಗಿಯಲ್ಲಿ ಇದನ್ನು ಯಾವಾಗ ಕಟ್ಟಿದರು ಎಂದುಕೊಂಡೆ. "ಯವ್ವಾ, ಇದು ಯಾವ ಊರು?" ಎಂದದ್ದೇ ತಡ, ಇಡೀ ಬಸ್ಸು ನಕ್ಕಿತು. ನನಗೂ ನಗು ಬಂತು. ಹೆರಿಗೆಯಾದ ಮೇಲೆ ಅಷ್ಟು ನಕ್ಕಿದ್ದು ಅದೇ ಮೊದಲು.

ಬಸ್‌ಸ್ಟ್ಯಾಂಡಿನ ಮೂಲೆಯಲ್ಲಿ ಕೂತು ಕೂಸಿಗೆ ಹಾಲು ಕುಡಿಸಿದೆ. ಅವ್ವ ಪಕ್ಕದ ಎಸ್‌ಟಿಡಿ ಬೂತಿನಿಂದ ನಮ್ಮ ಮನೆಯೆದುರಿನ ಕಿರಾಣಿ ಅಂಗಡಿಗೆ ಫೋನ್ ಮಾಡಿ ಅಪ್ಪನನ್ನು ಕರೆಸಿದಳು.

"ನಾವು ಬಿಜಾಪುರದಾಗ ಅದೇವಿ."

"ಬಿಜಾಪುರ? ಅಲ್ಲೇನು ಕೆಲಸ?" ಅಪ್ಪನ ಕೂಗು ನನಗೂ ಕೇಳಿತು.

"ಮಗಳು ಮಲಗಿದ್ಲು."

ಅಪ್ಪ ದನಿ ಇಳಿಸಿ ಕೇಳಿದನಂತೆ: "ಛಲೋ ಮಲಗಿದ್ಲೇನು?"

ಚಹಾ ಕುಡಿದು, ಬಾಣಂತಿಗೆ ಆಗದೆಂದು ಅವ್ವನೇ ಬಿಡಿಸಿದ್ದ ಮಿರ್ಚಿ ಭಜಿ ತಿಂದು, ತಿರುಗಿ ಬರುವಾಗ ಸಿಂದಗಿಯಲ್ಲಿ ಇಳಿದೆವು. ಡಾಕ್ಟರ್ ಅವ್ವನ ಮಾತು ಕೇಳಿ ನಕ್ಕರೂ, ನನ್ನನ್ನು ಬಹಳ ಹೊತ್ತು ವಿಚಾರಿಸಿದರು. ಅಳು ಬರುತ್ತದೆಯೇ, ಹೆದರಿಕೆಯ ಯೋಚನೆಗಳು ಬರುತ್ತವೆಯೇ, ಎಲ್ಲ ಕೇಳಿದರು. ರಕ್ತ ಪರೀಕ್ಷೆಗೂ ಬರೆದುಕೊಟ್ಟರು. ಹೆರಿಗೆಯ ನಂತರ ಹೀಗೆ ನಿದ್ದೆ ಕೆಡುವುದು ಎಷ್ಟೋ ಹೆಂಗಸರಿಗೆ ಇದೆ, ಇದು ಹುಚ್ಚೂ ಅಲ್ಲ, ದೃಷ್ಟಿಯೂ ಅಲ್ಲ, ಆದರೆ ಹಾಗೇ ಬಿಡಬಾರದು ಎಂದರು.

"ಬಸ್ಸಿನಾಗ ಯಾಕ ನಿದ್ದಿ ಬಂತು?" ಎಂದು ಡಾಕ್ಟರ್ ನನ್ನನ್ನೇ ಕೇಳಿದರು.

ನಾನು ಯೋಚಿಸಿ ಹೇಳಿದೆ: "ಮನ್ಯಾಗ ಎಲ್ಲಾರೂ ನನ್ನ ನೋಡಾಕತ್ತಿದ್ರು ರೀ. ಬಸ್ಸಿನಾಗ ಅವ್ವನ ಕಣ್ಣು ಕೂಸಿನ ಮ್ಯಾಲೇ ಇತ್ತು."

"ಹಂಗಾದ್ರ ಮನ್ಯಾಗೂ ಕೂಸಿಗೆ ಒಬ್ಬರು ಕಾವಲ ಕೂಡ್ರಿ. ನೀನು ಬ್ಯಾರೆ ಖೋಲ್ಯಾಗ ಮಲಗು, ಹಾಲು ಕುಡಿಸಾಕ ಅಷ್ಟ ಎಬ್ಬಿಸ್ಲಿ."

ಮರುದಿನದಿಂದ ನಾನು ಮಧ್ಯಾಹ್ನ ಜೋಳದ ಚೀಲಗಳಿದ್ದ ಹಿಂದಿನ ಕೋಣೆಗೆ ಮಲಗಲು ಹೋಗತೊಡಗಿದೆ. ತೊಟ್ಟಿಲ ಹಗ್ಗ ಅಪ್ಪನ ಕೈಗೆ ಬಂತು. ನಮ್ಮನ್ನೆಂದೂ ಎತ್ತಿಕೊಳ್ಳದಿದ್ದ ಅಪ್ಪ ಮೊಮ್ಮಗನ ಮೂಗನ್ನೇ ದಿಟ್ಟಿಸುತ್ತ ಕೂತಿರುತ್ತಿದ್ದ. ಮೊದಮೊದಲು ನನಗೆ ಬರೀ ಜೊಂಪು ಹತ್ತುತ್ತಿತ್ತು. ಆಮೇಲೆ ಪೂರ್ತಿ ನಿದ್ದೆ. ಯುಗಾದಿಯ ಹೊತ್ತಿಗೆ ರಾತ್ರಿಯೂ ಕಣ್ಣು ತಾನಾಗಿ ಮುಚ್ಚತೊಡಗಿತು.

ಇಂಡಿ ಪಟ್ಟಣದ ನನ್ನ ಗಂಡನ ಮನೆಗೆ ಬಿಡಲು ಬಂದ ಅವ್ವ, ನಮ್ಮತ್ತೆಯ ಮುಂದೆ ಎಲ್ಲ ಬಿಚ್ಚಿಟ್ಟಳು. ಅವರು ಏನೆನ್ನುತ್ತಾರೋ ಎಂದು ನನಗೆ ಪುಕುಪುಕು. ಅತ್ತೆ ಕೂಸನ್ನು ಅವ್ವನ ಕೈಯಿಂದ ಇಸಿದುಕೊಂಡು, "ಇಷ್ಟಕ್ಕ ಇಷ್ಟು ಮಾತು ಯಾಕವ್ವಾ, ಬೀಗತೀ?" ಎಂದವರೇ, "ಹೋಗು, ಮಲಗು ಹೋಗು" ಎಂದು ನನಗೆ ಕೋಣೆ ತೋರಿಸಿದರು. ಸಂಜೆ ಎಚ್ಚರವಾದಾಗ ಹೊರಗೆ ತಾಯಿ ಮಗ ಜಗಳಕ್ಕೆ ನಿಂತಿದ್ದರು. "ಆಗಲಿಂದ ನೀನ ಹಿಡಕೊಂಡು ಕುಂತೀದಿ, ಒಂದೀಟು ನನಗೂ ಕೊಡು" ಎನ್ನುತ್ತಿದ್ದರು ನನ್ನ ಗಂಡ.