ಕಣ್ಣು ಬುಡೋ ಹೊತ್ಗೆ ಮದ್ವೆ ಫೋಟೋ ಮಾಯ

ಮಧುಗಿರಿ ಸ್ಟುಡಿಯೋದಾಗೆ ಕಸ ಗುಡ್ಸಿ ಕಂಪ್ಯೂಟ್ರು ಆನ್ ಮಾಡೋದು ನನ್ ಕೆಲ್ಸ. ಅವತ್ತು ಪಕ್ಕದ್ಮನೆ ಪುಟ್ಟಮ್ಮ ಮಗಳ ಮದ್ವೆ ಫೋಟೋ ನೋಡಕ್ಕೆ ಬಂದು ಕುಂತಿದ್ಲು. ಸ್ವಿಚ್ ಹಾಕಿ, ದಿನದಂಗೆ ಕಂಪ್ಯೂಟ್ರಿಗೆ ಊದುಬತ್ತಿ ಬೆಳಗಿ, ಕಣ್ಮುಚ್ಚಿ ಕೈ ಮುಗ್ದೆ. ಕಣ್ಣು ಬುಟ್ರೆ ಪರದೆ ಬಣ್ಣಾನೇ ಬೇರೆ, ಒಂದು ಫೋಟೋನೂ ಇಲ್ಲ!

"ಏನ್ಮಾಡ್ಬುಟ್ಯೇ?" ಅಂತ ಪುಟ್ಟಮ್ಮ ಎದೆ ಬಡ್ಕಂಡ್ಲು. ಊರೋರ ಸುದ್ದಿ ಹಂಚೋಳು ನಾನು, ಇವತ್ತು ನನ್ ಸುದ್ದಿ ಇವ್ಳು ಹಂಚ್ತಾಳೆ ಅಂತ ಬೆವ್ತೋದೆ.

ಕೂಗಾಟ ಕೇಳಿ ಓನರ್ರು ಓಡ್ಬಂದ್ರು. "ನೆನ್ನೆ ಇದ್ರಾಗೇ ಇನ್ನೊಂದು ಸಿಸ್ಟಮ್, ಅಂದ್ರೆ ಕಂಪ್ಯೂಟ್ರು ನಡ್ಸೋ ಹೊಸ ಸಾಫ್ಟ್‌ವೇರು, ಹಾಕ್ದೆ ಕಣಕ್ಕ. ಫೋಟೋ ಎಲ್ಲಾ ಹಳೇದ್ರಾಗವೆ. ಆನ್ ಮಾಡ್ದಾಗ ಯಾವ್ದು ಬೇಕು ಅಂತ ಕೇಳ್ತದೆ. ನೀನು ಒತ್ದೆ ಕೈ ಮುಗ್ದು ನಿಂತ್ರೆ, ಅದೇ ಹೊಸದನ್ನ ಆರಿಸ್ಕಂತದೆ" ಅಂದು, ಆಫ್ ಮಾಡಿ ಆನ್ ಮಾಡಿ ಹಳೇದನ್ನ ಒತ್ತಿದ್ರು. ಫೋಟೋ ಎಲ್ಲಾ ಬಂದ್ವು.

ಪುಟ್ಟಮ್ಮ ಕಣ್ಣೊರ್ಸ್ಕಂಡು, "ಅಯ್ಯೋ, ನಮ್ ಅಳಿಯ ಎಲ್ಲದ್ರಾಗೂ ಬಾಯಿ ಬುಟ್ಕಂಡು ನಿಂತವ್ನಲ್ಲ!" ಅಂತ ಶುರು ಹಚ್ಕಂಡ್ಲು.

"ಆ ಇನ್ನೊಂದು ಸಿಸ್ಟಮ್ನಾಗೆ ಬಾಯಿ ಮುಚ್ಕಂಡವ್ನೇನೋ, ನೋಡಿ ಸ್ವಾಮಿ" ಅಂತ ಓನರ್ರಿಗಂದೆ.