ಬೆಣಚುಗೆರೆಯ ಬಾವಿ

ಎಂಬತ್ತರ ದಶಕದಲ್ಲಿ ಹಲಗೇರಿಯ ನಮ್ಮ ಹೊಲದಲ್ಲಿ ಬಾವಿ ತೋಡಿಸುವಾಗ ಕರಿಬಂಡೆಯ ನಡುವೆ ಬೆಣಚುಕಲ್ಲಿನ ಬಿಳಿ ಗೆರೆ ಬಂತು. ಅದರ ಬೆನ್ನು ಹತ್ತಿದರೆ ನೀರು ಸಿಗುತ್ತದೆಂಬುದು ನಮ್ಮ ಕಡೆಯ ನಂಬಿಕೆ. ಬೇಸಿಗೆಯಿಡೀ ಒಡೆಸಿದೆವು, ಹಸಿ ಕೂಡ ಕಾಣಲಿಲ್ಲ. ಕೊನೆಗೆ ಹಾವೇರಿಯಿಂದ ಭೂಗರ್ಭಶಾಸ್ತ್ರದ ಮಾಸ್ತರರನ್ನು ಕರೆತಂದೆ.

"ಕೋಟಿಗಟ್ಟಲೆ ವರ್ಷದ ಹಿಂದ ಈ ಕರಿಬಂಡಿ ಗುಡ್ಡದ ಬುಡದಾಗ ಹೂತಿದ್ದಾಗ ಬಿರುಕಿನಾಗ ಬಿಸಿನೀರು ಹರದೈತ್ರಿ. ಮಗ್ಗಲ ಕಲ್ಲನ್ನ ಬಳಪದಂಗ ಮೆತ್ತಗ ಮಾಡಿ, ಬಿರುಕಿನಾಗ ಬೆಣಚು ತುಂಬಿ ಹೋಗೈತಿ," ಎಂದರು.

"ನೀರು ಬಂದು ಹೋಗೈತಿ, ನಾವ ತಡಾ ಮಾಡೇವಿ," ಎಂದಳು ಬುತ್ತಿ ತಂದಿದ್ದ ಹೆಂಡತಿ. ನಗುವ ತ್ರಾಣ ನನಗಿರಲಿಲ್ಲ.

"ಇನ್ನೊಂದು ಮೊಳ ನೋಡೂಣ್ರಿ, ಸಾವ್ಕಾರ್ರ," ಎಂದ ತೋಡುವವ.

ನೀವಾದರೂ ನೀರಿನ ಗುರುತು ಕಂಡರೆ ಅದು ಯಾವ ಕಾಲದ್ದೆಂದು ಮೊದಲೇ ಕೇಳಿಕೊಳ್ಳಿ. ನಾನು ತೋಡುವವನ ಹಾರೆ ಇಸಿದುಕೊಂಡು, ಇನ್ನು ಸಾಕೆಂದು ಅವನನ್ನು ಬಾವಿಯಿಂದ ಮೇಲಕ್ಕೆ ಹತ್ತಿಸಿದೆ.