ಮೀಸೆಯಿಲ್ಲದ ಅಳಿಲು

ನಮ್ಮ ಮಾವನವರದು ಬಣ್ಣದ ಕುಂಚಗಳ ವ್ಯಾಪಾರ. ಸಂಜೆ ಅಂಗಡಿ ಮುಚ್ಚಿ, ಅದೇ ಕುಂಚ ಹಿಡಿದು ಪ್ರಾಣಿಗಳ ಚಿತ್ರ ಬರೆಯುತ್ತಿದ್ದರು. ಐವತ್ತು ದಾಟಿದ ಮೇಲೊಮ್ಮೆ ಕುಂಚಕ್ಕೆ ಕೂದಲು ಒದಗಿಸುವವನ ಗೋದಾಮಿಗೆ ಹೋದವರು, ಕೂದಲಿಗಾಗಿ ಬಾಲ ಕತ್ತರಿಸಿ ರಾಶಿ ಹಾಕಿದ್ದ ಸತ್ತ ಅಳಿಲುಗಳನ್ನು ಕಂಡು ಎರಡು ದಿನ ಊಟ ಬಿಟ್ಟರು. ಕೂದಲಿನ ಕುಂಚಗಳನ್ನೆಲ್ಲ ಸುಟ್ಟು, ನೈಲಾನಿನವನ್ನಷ್ಟೇ ಮಾರುತ್ತಾ, ಬೇರೆ ಅಂಗಡಿಗಳ ಮುಂದೆ 'ಕೂದಲಿನ ಕುಂಚ ಮಾರಬೇಡಿ' ಎಂಬ ಫಲಕ ಹಿಡಿದು ನಿಂತರು.

"ಇಷ್ಟು ವರ್ಷ ಮಾರಿದ್ದು ನೀವೇ ಅಲ್ವಾ ಯಜಮಾನ್ರೇ?" ಎಂದು ಅಂಗಡಿಯವರು ಹಂಗಿಸಿದರೆ, "ಹೌದಪ್ಪ, ಅದಕ್ಕೇ ಬಿಸಿಲಲ್ಲಿ ನಿಂತಿದೀನಿ" ಎನ್ನುತ್ತಿದ್ದರು.

ಸಾಯುವುದರೊಳಗೆ ಒಂದು ಅಳಿಲನ್ನಾದರೂ ನೆಟ್ಟಗೆ ಬರೆಯಬೇಕೆಂಬ ಹಂಬಲ ಅವರಿಗೆ. ನೈಲಾನ್ ಕುಂಚದಲ್ಲಿ ಕೂದಲೆಳೆಯಂಥ ಸಣ್ಣ ಗೆರೆ ಕೊನೆಗೂ ಒಲಿಯಲಿಲ್ಲ. ಈಗ ಹಾಸಿಗೆ ಹಿಡಿದಿದ್ದಾರೆ.

ನಿನ್ನೆ ನನ್ನ ಮಗಳು ಗೋಡೆಯ ಮೇಲೆ ಅವರು ಬರೆದಿದ್ದ ಅಳಿಲಿನ ಚಿತ್ರ ನೋಡಿ, "ತಾತ, ಅಳಿಲಿಗೆ ಮೀಸೆ ಎಲ್ಲಿ?" ಎಂದಳು.

ಔಷಧಿ ಕುಡಿಸುತ್ತಿದ್ದ ನನ್ನ ಕೈ ಸರಿಸಿ ಹೇಳಿದರು, "ಅದರ ಬಾಲ ಮಾರಿ ತಿಂದವನು ನಾನು ಪುಟ್ಟಿ. ಅದು ನನಗೆ ಮೀಸೆ ಎಲ್ಲಿ ಕೊಡುತ್ತೆ?"